ಬಳೆಚೂರಿನ ಬರೆ

ಜಂಬಮ್ಮನ ಕುಪ್ಪಸಗಳನ್ನು ಆ ಮನೆಯಲ್ಲಿ ಬೇರೆ ಯಾರೂ ಒಗೆಯುವಂತಿರಲಿಲ್ಲ. ಸೀರೆ, ಲಂಗ, ಮಗನ ಅಂಗಿ, ಹಾಸಿಗೆಯ ಹೊದಿಕೆ ಎಲ್ಲವನ್ನೂ ಸೊಸೆ ನಾಗಲಕ್ಷ್ಮಿಯ ಕೈಗೆ ಬಿಟ್ಟು, ಕುಪ್ಪಸಗಳನ್ನು ಮಾತ್ರ ತಾನೇ ಒಗೆದು ಹಿತ್ತಲಲ್ಲಿ ಸೀರೆಯ ಮರೆಗೆ ಒಣಹಾಕುತ್ತಿದ್ದಳು. ಕರೂರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ನಾಗಲಕ್ಷ್ಮಿ ಇದೇನೋ ಮಡಿ ಇರಬೇಕು ಅಂದುಕೊಂಡಳು. ಒಂದು ಮಧ್ಯಾಹ್ನ ನಾಲ್ಕು ಹನಿ ಬಿದ್ದವೆಂದು ಓಡಿಹೋಗಿ ಬಟ್ಟೆ ಎಳೆದುಕೊಳ್ಳುವಾಗ, ಕೈಗೆ ಸಿಕ್ಕ ಕುಪ್ಪಸ ಒಂದೇ ಕಡೆಗೆ ಜಗ್ಗಿತು. ತಿರುಗಿಸಿ ನೋಡಿದರೆ ಬಲಗಡೆ ಒಳಗೆ ಚೀಲದಂತೆ ಹೊಲಿದು, ಹಳೆಯ ಸೀರೆಯ ಅರಿವೆಯನ್ನು ಮಡಿಚಿ ತುಂಬಿತ್ತು. ನಾಗಲಕ್ಷ್ಮಿ ಅದನ್ನು ಇದ್ದಂತೆಯೇ ಮಡಿಸಿ ಅತ್ತೆಯ ಪೆಟ್ಟಿಗೆಯ ಮೇಲಿಟ್ಟಳು. ಕೇಳಲಿಲ್ಲ. ಹೊಸ ಸೊಸೆ ಏನೇನನ್ನೋ ನೋಡುತ್ತಾಳೆ; ನೋಡಿದ್ದನ್ನೆಲ್ಲ ಕೇಳಿದರೆ ಸಂಸಾರ ನಡೆಯುವುದಿಲ್ಲ.

ಜಂಬಮ್ಮನಿಗೆ ಆಗಲೇ ಐವತ್ತು ದಾಟಿತ್ತು. ಕಾಲುವೆಗೆ ನೀರು ಬಿಟ್ಟರೆಂದರೆ ಕರೂರಿನ ಸುತ್ತಿನ ಗದ್ದೆಗಳಲ್ಲಿ ನಾಟಿ ಹಚ್ಚುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಬಗ್ಗಿದಳೆಂದರೆ ಸಾಲು ಮುಗಿಯುವ ತನಕ ಸೊಂಟ ನೆಟ್ಟಗೆ ಮಾಡುತ್ತಿರಲಿಲ್ಲ. ಅವಳ ಬಲಗೈ ಎಡಗೈಗಿಂತ ತುಸು ಸಣ್ಣದು. ಬೆರಳುಗಳು ಗಿಡ್ಡ, ತೋರುಬೆರಳು ನಡುಬೆರಳುಗಳ ನಡುವಿನ ಚರ್ಮ ಬುಡದಲ್ಲಿ ಕೊಂಚ ಕೂಡಿಕೊಂಡಿತ್ತು. ಕೆಸರಿನಲ್ಲಿ ಸಸಿ ಊರುವುದಕ್ಕೆಂದೇ ದೇವರು ಅಳತೆ ಕೊಟ್ಟು ಮಾಡಿಸಿದ ಕೈ ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರು. ಅವಳೇನು ಬಿಡುವವಳಲ್ಲ. “ನಿಮ್ಮ ಉದ್ದನ ಬೆರಳು ಉಂಗುರಕ್ಕ ಇಟ್ಕೊಳ್ರೆ. ಸಾಲಿನಾಗ ಯಾರು ಮುಂದ ಅದಾರ ಅಷ್ಟು ನೋಡ್ರಿ,” ಎನ್ನುವಳು.

ಒಂದು ಕೆಲಸ ಮಾತ್ರ ಅವಳಿಗೆ ಒಗ್ಗುತ್ತಿರಲಿಲ್ಲ. ಹುಲ್ಲಿನ ಹೊರೆಯನ್ನಾಗಲಿ ತುಂಬಿದ ಬುಟ್ಟಿಯನ್ನಾಗಲಿ ಎರಡೂ ತೋಳಿನಿಂದ ಎದೆಗೆ ಅವುಚಿ ಎತ್ತಲು ಆಗುತ್ತಿರಲಿಲ್ಲ. ಎಡಗೈಯಿಂದ ಎಳೆದು ಬೆನ್ನಿಗೆ ಏರಿಸಿಕೊಳ್ಳುವಳು. ಹೀಗೇಕೆ ಎಂದು ನಾಗಲಕ್ಷ್ಮಿಗೆ ಗೊತ್ತಾದದ್ದು ಅವಳು ತಾನೇ ತಾಯಿಯಾದ ಮೇಲೆ.

ಕೊಳಗಲ್ಲಿನ ತವರಿನಲ್ಲಿ ಬಾಣಂತನ ಮುಗಿಸಿಕೊಂಡು ಹೆಣ್ಣುಕೂಸಿನೊಂದಿಗೆ ಕರೂರಿಗೆ ಬಂದ ಮೇಲೆ, ಜಂಬಮ್ಮ ಸೊಸೆ ಮೊಮ್ಮಗಳನ್ನು ಕರೆದುಕೊಂಡು ಕುರುಗೋಡಿಗೆ ಹೋದಳು. ಅಲ್ಲಿ ಅವಳ ತಮ್ಮ ಹೊನ್ನೂರಪ್ಪನ ಮನೆಯಲ್ಲಿ ಅವಳ ತಾಯಿ ವೀರಭದ್ರಮ್ಮ ಇದ್ದಳು. ಎಪ್ಪತ್ತು ದಾಟಿದ ಮುದುಕಿ, ಕಣ್ಣಿಗೆ ಪೊರೆ ಬಂದಿತ್ತು. ಮುತ್ತಜ್ಜಿಯ ತೊಡೆಗೆ ಕೂಸನ್ನು ಹಾಕಬೇಕೆಂದು ನಾಗಲಕ್ಷ್ಮಿ ಬಗ್ಗಿದಾಗ, ಮುದುಕಿ ಕಾಲು ಮುದುಡಿಕೊಂಡು ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಬಿಟ್ಟಳು.

“ಚಾಪಿ ಮ್ಯಾಲ ಹಾಕವ್ವಾ. ನನ್ನ ಕೈಯಾಗ ಕೊಡಬ್ಯಾಡ.”

ಆಮೇಲೆ ದಿನವಿಡೀ ಅವಳು ಕೂಸು ಮಲಗಿದ್ದ ಸೀರೆಯ ಜೋಳಿಗೆಯ ಹಗ್ಗ ಹಿಡಿದು ದೂರದಿಂದ ತೂಗುತ್ತ ಕೂತಳು. ಕೂಸು ಅತ್ತರೆ ಹಗ್ಗ ಜೋರಾಗಿ ಎಳೆಯುವಳು, ಎದ್ದು ಬರಳು. ನಾಗಲಕ್ಷ್ಮಿ ಒಳಗೊಳಗೇ ಲೆಕ್ಕ ಹಾಕಿದಳು. ಹೆಣ್ಣೆಂದು ಹೀಗೆ ಮಾಡಿದಳೋ, ತಾನು ಕಪ್ಪೆಂದು ಮಾಡಿದಳೋ? ಊರಿಗೆ ಮರಳಿದ ಮೇಲೂ ಆ ಮಾತು ಒಳಗೆ ಕುಟುಕುತ್ತಿತ್ತು. ಕಡೆಗೆ ಒಂದು ದಿನ ಕೂಸಿಗೆ ಎಣ್ಣೆ ತಿಕ್ಕುತ್ತಾ ಕೇಳಿಯೇಬಿಟ್ಟಳು. ಜಂಬಮ್ಮ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದು ಕೂತು, ಕುಪ್ಪಸದ ಗುಂಡಿ ಬಿಚ್ಚಿದಳು.

ಎಡಗಡೆ ಎಲ್ಲರಿಗೂ ಇರುವಂತೆ ಇತ್ತು. ಬಲಗಡೆ ಏನೂ ಇರಲಿಲ್ಲ. ಕೊರಳೆಲುಬಿನ ಕೆಳಗೆ ಚರ್ಮ ತಗ್ಗಿ, ಪಕ್ಕೆಲುಬುಗಳ ಸಾಲು ಬೆರಳಿಗೆ ಸಿಗುವಂತಿತ್ತು. ಕಂಕುಳ ಮುಂದಿನ ಮಡಿಕೆಯೂ ಇಲ್ಲ. ಆ ತಗ್ಗಿನ ನಡುವೆ ಬಾಗಿದ ಎರಡು ಬರೆಯ ಗುರುತು.

ಜಂಬಮ್ಮ ತೊಟ್ಟಿಲ ಕೂಸಾಗಿದ್ದಾಗ ನಡೆದದ್ದು. ಎರೆಯಲು ಬಂದ ಹೆಂಗಸು ಕೂಸನ್ನು ಕಾಲಮೇಲೆ ಹಾಕಿಕೊಂಡು ನೋಡುತ್ತಾಳೆ, ಉಸಿರು ಎಳೆದಾಗಲೆಲ್ಲ ಬಲ ಎದೆ ಒಳಕ್ಕೆ ಕುಸಿದು ಮೇಲೇಳುತ್ತಿತ್ತು. ಪಕ್ಕೆ ಹಾರುತ್ತಿವೆ ಎಂದು ಕೂಗಿದಳು. ಆ ಸೀಮೆಯಲ್ಲಿ ಪಕ್ಕೆ ಹಾರುವ ಕೂಸು ಬೆಳಗು ಕಾಣುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಬರೆ ಹಾಕಿದರೆ ಉಳಿದೀತು ಎಂಬುದೂ ಗೊತ್ತು. ಬರೆ ಹಾಕುವವನನ್ನು ಕರೆಸಿದರು. ಅವನು ಕೆಂಡದಲ್ಲಿ ಕಾಯಿಸಿ ಒತ್ತಲು ತಾಯಿಯ ಬಳೆಯ ಚೂರೇ ಆಗಬೇಕೆಂದ. ವೀರಭದ್ರಮ್ಮ ತನ್ನ ಮುಂಗೈಯ ಬಳೆಯನ್ನು ಹೊಸ್ತಿಲಿಗೆ ಬಡಿದು ಕೊಟ್ಟಳು, ಕೂಸಿನ ಕಾಲು ತಾನೇ ಹಿಡಿದಳು. ಕೂಸು ಉಳಿಯಿತು. ಹುಡುಗಿ ಬೆಳೆದಂತೆ ಎದೆ ಕುಸಿಯುವುದೂ ಕಡಿಮೆಯಾಯಿತು. ಆದರೆ ಜಂಬಮ್ಮ ದೊಡ್ಡವಳಾದಾಗ ಎಡಗಡೆ ತುಂಬಿತು, ಬಲಗಡೆ ಹಾಗೆಯೇ ಉಳಿಯಿತು. ಬರೆ ಜೀವ ಉಳಿಸಿತು, ಎದೆ ತಿಂದಿತು ಎಂದು ಓಣಿಯೆಲ್ಲ ಅಂದಿತು. ಯಾರೂ ಕೆಡುಕಿನಿಂದ ಅಂದದ್ದಲ್ಲ. ವೀರಭದ್ರಮ್ಮ ಮಾತ್ರ ಮಗಳು ದೊಡ್ಡವಳಾದ ಆ ವರ್ಷದಿಂದ ಯಾರ ಕೂಸನ್ನೂ ತೊಡೆಯ ಮೇಲೆ ಹಾಕಿಕೊಳ್ಳಲಿಲ್ಲ.

ಮದುವೆಗೆ ಮುಂಚೆ ಗಂಡಿನ ಕಡೆಗೆ ಮುಚ್ಚಿಡದೆ ಹೇಳಿಸಿದ್ದರು. ಗಂಡ ಎರ್ರಣ್ಣ, ತಾನೇನು ಸುಳಿ ನೋಡಿ ಎತ್ತು ಕೊಳ್ಳಲು ಬಂದಿಲ್ಲ ಎಂದನಂತೆ. ಈಗ ಅವನಿಲ್ಲ, ಆ ಮಾತು ಹೇಳುವಾಗ ಜಂಬಮ್ಮನ ಮುಖದಲ್ಲಿ ನಗೆಯೊಂದು ಬಂದು ಹೋಯಿತು. ಮಗ ಹುಲಿಗೇಶ್ ಹುಟ್ಟಿದಾಗ ಬಾಣಂತನಕ್ಕೆ ತವರಿಗೆ ಹೋದಳು. ಎರೆದದ್ದು, ಕಾಸಿದ್ದು, ಕೂಸನ್ನು ಎತ್ತಿಕೊಂಡದ್ದು ಎಲ್ಲ ತಾಯಿಯ ತಂಗಿ, ಚಿಗವ್ವ. ಹಡೆದ ತಾಯಿ ವೀರಭದ್ರಮ್ಮ ಅದೇ ಮನೆಯಲ್ಲಿ ಜೋಳಿಗೆಯ ಹಗ್ಗ ಹಿಡಿದು ಕೂತಿದ್ದಳು. ಒಂದೇ ಎದೆಯ ಹಾಲಿಗೆ ಕೂಸು ಅರೆಹೊಟ್ಟೆಯಾಗುತ್ತದೆ ಎಂದು ಬಂದವರೆಲ್ಲ ಹೇಳಿದರು. ಹುಲಿಗೇಶ್ ಈಗ ಟ್ರ್ಯಾಕ್ಟರಿನಿಂದ ಧುಮುಕಿದರೆ ಅಂಗಳ ಅದುರುತ್ತದೆ.

“ಆಕಿ ತೊಡಿ ಮ್ಯಾಲ ನಾನs ಕಡೀ ಕೂಸಾಗಬಾರ್ದಿತ್ತು,” ಎಂದಳು ಜಂಬಮ್ಮ. ತಮ್ಮ ಹೊನ್ನೂರಪ್ಪ ಆ ತೊಡೆಯ ಮೇಲೆ ಬೆಳೆದಿದ್ದ; ಆದರೂ ಅವಳು ಹಾಗೆಯೇ ಅಂದಳು. ಗುಂಡಿ ಹಾಕಿಕೊಂಡು ಎದ್ದು ಒಲೆಯ ಕಡೆಗೆ ಹೋದಳು.

ಅದಾಗಿ ಸ್ವಲ್ಪ ಕಾಲಕ್ಕೆ ಕೂಸಿಗೆ ನೆಗಡಿಯಾಗಿ ಕಫ ಕಟ್ಟಿತು. ಪಕ್ಕೆಗಳು ಎರಡೂ ಕಡೆ ಒಳಕ್ಕೆ ಸೆಳೆಯತೊಡಗಿದವು. ಪಕ್ಕದ ಮನೆಯ ದುರ್ಗಾದೇವಿ ಬಂದು ನೋಡಿ, ಬರೆ ಹಾಕಿಸುವುದೇ ಒಳ್ಳೆಯದೆಂದಳು. ಅತ್ತೆಯನ್ನೇ ಉಳಿಸಿದ ಬರೆಯಲ್ಲವೇ ಎಂದೂ ಸೇರಿಸಿದಳು. ಜಂಬಮ್ಮ ಕೂಸನ್ನು ಟವೆಲ್ಲಿನಲ್ಲಿ ಸುತ್ತಿ, ಮಗನಿಗೆ ಬೈಕ್ ತೆಗೆಯಲು ಹೇಳಿ, ಸೊಸೆಯನ್ನು ಹಿಂದೆ ಕೂರಿಸಿ ಸಿರುಗುಪ್ಪದ ಆಸ್ಪತ್ರೆಗೆ ಕಳಿಸಿದಳು. ಕೂಸು ಗುಣವಾಗಿ ಮನೆಗೆ ಬಂದಾಗ, ಹಾಗಾದರೆ ಬರೆಯ ಮೇಲೆ ನಿಮಗೆ ನಂಬಿಕೆ ಇಲ್ಲವೇ ಎಂದು ನಾಗಲಕ್ಷ್ಮಿ ಕೇಳಿದಳು. ನಂಬಿಕೆ ಐತಿ ಎಂದಳು ಅತ್ತೆ.

“ಆದ್ರ ಬರಿ ಕೂಸಿಗೆ ನಾಕು ದಿನ ಉರೀತೈತಿ. ಹಿಡಿದಾಕಿಗೆ ಸಾಯೋಮಟ ಉರೀತೈತಿ. ನಿನಗ ಅದು ಬ್ಯಾಡ.”

ಇಷ್ಟರ ಮೇಲೆ ಊರಿನ ಶಾಲೆಯಲ್ಲಿ ಹೆಂಗಸರ ತಪಾಸಣೆ ನಡೆಯಿತು. ಎದೆಯಲ್ಲಿ ಗಂಟಿದೆಯೇ ನೋಡುತ್ತಾರೆಂದು ಎಲ್ಲರೂ ಹೋದರು. ಜಂಬಮ್ಮನನ್ನು ನೋಡಿದ ನರ್ಸಮ್ಮ ಮೊದಲು ಕೇಳಿದ್ದು, ಆಪರೇಷನ್ ಯಾವ ವರ್ಷ ಆಯಿತೆಂದು. ಆಪರೇಷನ್ ಆಗಿಲ್ಲವೆಂದಾಗ ಅವಳ ಮುಖ ಗಂಭೀರವಾಯಿತು. ಬಳ್ಳಾರಿಗೆ ಹೋಗಿ ಒಮ್ಮೆ ತೋರಿಸಿಬಿಡಿ, ತಡಮಾಡಬೇಡಿ ಎಂದಳು. ಜಂಬಮ್ಮ ಹೋಗುವುದಿಲ್ಲವೆಂದಳು. ನಾಗಲಕ್ಷ್ಮಿ ವಾದ ಮಾಡಲಿಲ್ಲ. ಮರುದಿನ ಬುತ್ತಿ ಕಟ್ಟಿ, ಕೂಸಿನ ಬಟ್ಟೆ ಚೀಲಕ್ಕೆ ತುಂಬಿ, ಅತ್ತೆಯ ಚಪ್ಪಲಿ ಬಾಗಿಲಲ್ಲಿ ತಂದಿಟ್ಟು ನಿಂತಳು. ಬೈಯುತ್ತಲೇ ಅತ್ತೆ ಹೊರಟಳು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆದ ಮೇಲೆ ಡಾಕ್ಟರಮ್ಮ ಜಂಬಮ್ಮನಿಗೆ ಎರಡೂ ಕೈ ಸೊಂಟದ ಮೇಲಿಟ್ಟು ಒತ್ತಲು ಹೇಳಿದರು. ಎಡಗಡೆ ಕಂಕುಳ ಮುಂದೆ ಮಾಂಸ ಬಿಗಿಯಿತು, ಬಲಗಡೆ ಏನೂ ಏಳಲಿಲ್ಲ. ಡಾಕ್ಟರಮ್ಮ ಅವಳ ಎರಡು ಅಂಗೈಗಳನ್ನು ಒಂದಕ್ಕೊಂದು ಜೋಡಿಸಿ ಬೆರಳುಗಳ ಉದ್ದ ನೋಡಿದರು. ಹುಟ್ಟಿನಿಂದ ಹೀಗೇನಾ ಎಂದರು.

ಬೆರಳು ಹುಟ್ಟಿನಿಂದ ಹಂಗ, ಎದೆ ಮಾತ್ರ ಬರೆಯಿಂದ ಹೋದದ್ದು ಎಂದಳು ಜಂಬಮ್ಮ. ಗುರುತು ತೋರಿಸಿದಳು.

“ಅಮ್ಮಾ, ಬರೆ ಎದೆಗೆ ಹಾಕಿದಾರೆ. ಬೆರಳಿಗೆ ಹಾಕಿಲ್ಲವಲ್ಲ?”

ಜಂಬಮ್ಮನಿಗೆ ತಿಳಿಯಲಿಲ್ಲ. ಡಾಕ್ಟರಮ್ಮ ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಹೇಳಿದರು. ಎಲ್ಲರ ಎದೆಯ ಮೇಲೂ ಬೀಸಣಿಗೆಯಂತೆ ಹರಡಿದ ಒಂದು ದೊಡ್ಡ ಸ್ನಾಯು ಇರುತ್ತದೆ, ಅದರಡಿಯಲ್ಲಿ ಒಂದು ಸಣ್ಣದು. ಜಂಬಮ್ಮನಿಗೆ ಬಲಗಡೆ ಸಣ್ಣದು ಇಲ್ಲವೇ ಇಲ್ಲ. ದೊಡ್ಡದರಲ್ಲಿ ಕೊರಳೆಲುಬಿಗೆ ಅಂಟಿದ ಒಂದು ಪಟ್ಟಿಯಷ್ಟೇ ಇದೆ. ಕೂಸು ಹೊಟ್ಟೆಯಲ್ಲಿ ರೂಪುಗೊಳ್ಳುವಾಗಲೇ ಹೀಗಾಗುತ್ತದೆ, ಕೆಲವರಿಗೆ ಅದೇ ಬದಿಯ ಕೈಯೂ ಸಣ್ಣದಾಗುತ್ತದೆ, ಮೊಲೆಯೂ ಬೆಳೆಯುವುದಿಲ್ಲ. ಯಾಕೆಂದು ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಆ ಬದಿಗೆ ರಕ್ತ ಕಡಿಮೆ ಹರಿದಿರಬೇಕೆಂದು ಊಹೆ. ಮನುಷ್ಯರ ಎದೆ ಎಲ್ಲ ಒಂದೇ ಅಚ್ಚಿನದಲ್ಲ. ಕೆಲವರಿಗೆ ಎದೆಯ ನಡುವಿನ ಎಲುಬಿನ ಪಕ್ಕ ಹೆಚ್ಚಿನವರಿಗೆ ಇಲ್ಲದ ಒಂದು ಪಟ್ಟಿ ಹೆಚ್ಚಾಗಿರುತ್ತದೆ, ಕೆಲವರಿಗೆ ಕಂಕುಳಿಗೆ ಅಡ್ಡಲಾಗಿ ಒಂದು ಎಳೆ. ಎಷ್ಟೋ ಜನ ಅದನ್ನು ಅರಿಯದೆಯೇ ಬದುಕಿ ಹೋಗುತ್ತಾರೆ. ಇದು ರೋಗವಲ್ಲ, ಎಡಗಡೆಯಲ್ಲೂ ಏನೂ ತೊಂದರೆಯಿಲ್ಲ. ಬೆನ್ನು ಮತ್ತು ಭುಜದ ಸ್ನಾಯುಗಳು ಇಲ್ಲದ್ದರ ಕೆಲಸವನ್ನೂ ಹೊತ್ತುಕೊಂಡಿವೆ.

ಕೂಸಾಗಿದ್ದಾಗ ಪಕ್ಕೆ ಹಾರಿದ್ದು ಯಾಕೆಂದು ನಾಗಲಕ್ಷ್ಮಿಯೇ ಕೇಳಿದಳು. ಅಲ್ಲಿ ಎರಡು ಪಕ್ಕೆಲುಬು ಮುಂದಿನ ತುದಿಯಲ್ಲಿ ಸೊರಗಿವೆ, ಮೇಲೆ ಹೊದಿಕೆಯಾಗಿ ಸ್ನಾಯುವೂ ಇಲ್ಲ, ಎಳೆಗೂಸಿನಲ್ಲಿ ಉಸಿರಿಗೆ ಚರ್ಮ ಕುಸಿದು ಏಳುತ್ತಿತ್ತು, ಅಷ್ಟೇ ಎಂದರು ಡಾಕ್ಟರಮ್ಮ. ಬೇರೆ ಕೂಸುಗಳಿಗೆ ಪಕ್ಕೆ ಸೆಳೆದರೆ ಮಾತ್ರ ಬರೆ ಗಿರೆ ಎನ್ನದೆ ಓಡಿಬರಬೇಕು ಎಂದೂ ಹೇಳಿದರು. ಅದನ್ನು ಈ ಮನೆಯವರಿಗೆ ಹೇಳಬೇಕಾಗಿರಲಿಲ್ಲ.

ಆಸ್ಪತ್ರೆಯ ಬೇವಿನ ನೆರಳಲ್ಲಿ ನಾಗಲಕ್ಷ್ಮಿ ಕೂಸಿಗೆ ಹಾಲು ಕುಡಿಸಿದಳು. ಜಂಬಮ್ಮ ಬುತ್ತಿ ಬಿಚ್ಚಲಿಲ್ಲ. ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಬೇರೆಯವರ ಕೈಯನ್ನು ನೋಡುವಂತೆ ನೋಡುತ್ತಿದ್ದಳು. ಬ್ರೂಸ್‌ಪೇಟೆಯ ಅಂಗಡಿಗಳಿಗೆ ಹೋಗಿ ಕೂಸಿಗೆ ಬೆಚ್ಚನೆಯ ಟೊಪ್ಪಿಗೆ ಕೊಳ್ಳಬೇಕೆಂದಿತ್ತು, ಆ ಮಾತು ಯಾರೂ ಎತ್ತಲಿಲ್ಲ. ಬಸ್ ನಿಲ್ದಾಣದಲ್ಲಿ ಸಿರುಗುಪ್ಪದ ಬಸ್ಸು ನಿಂತಿತ್ತು. ಜಂಬಮ್ಮ ಅದನ್ನು ದಾಟಿ ಮುಂದೆ ನಡೆದಳು.

“ಅತ್ತಿ, ನಮ್ಮ ಬಸ್ ಇಲ್ಲೈತ್ರಿ.”

“ಕುರುಗೋಡಿಗೆ ಹೋಗೂನು.”

ಬಸ್ಸಿನಲ್ಲಿ ಕೂತು ಊರು ಹಿಂದೆ ಬಿದ್ದಮೇಲೆ ನಾಗಲಕ್ಷ್ಮಿಗೆ ಅಳುಕು ಹುಟ್ಟಿತು. ಮುದುಕಿಗೆ ಹೇಳಿದರೆ ಎದೆ ಸುಟ್ಟೆನೆಂಬ ಕೊರಗು ಹೋಗುತ್ತದೆ, ನಿಜ. ಆದರೆ ಎದೆ ಹುಟ್ಟಿನಿಂದಲೇ ಹಾಗಿತ್ತೆಂದ ಮೇಲೆ ಕೂಸಿಗೆ ಕಾಯಿಲೆಯೇ ಇರಲಿಲ್ಲ. ಕಾಯಿಲೆ ಇಲ್ಲದ ಕೂಸನ್ನು ಹಿಡಿದು ಸುಡಿಸಿದಂತಾಯಿತು. ಜೀವ ಉಳಿಸಿದೆನೆಂಬ ಒಂದು ಆಸರೆಯಾದರೂ ಇಷ್ಟು ದಿನ ಮುದುಕಿಗಿತ್ತು. ಅದನ್ನೂ ಕಿತ್ತುಕೊಂಡರೆ? ಕೂಸಿಗಾಗಿ ಕಾಲು ಚಾಚುವ ಬದಲು ಇನ್ನಷ್ಟು ಮುದುಡಿಕೊಂಡರೆ? ಅವಳು ಇದನ್ನು ತಡೆ ತಡೆದು ಅತ್ತೆಗೆ ಹೇಳಿದಳು, ಇವತ್ತೇ ಬೇಡವೆಂದಳು.

ಜಂಬಮ್ಮ ಕಿಟಕಿಯಾಚೆ ನೋಡುತ್ತಿದ್ದಳು. “ಅದು ನನಗ ದವಾಖಾನ್ಯಾಗs ತಿಳೀತು. ನೀನು ಈಗ ಹೇಳಾಕತ್ತಿ.” ಮತ್ತೆ, “ನಾಳೆ ನಮ್ಮವ್ವ ಇರ್ತಾಳಂತ ಯಾರು ಬರ್ಕೊಟ್ಟಾರ,” ಎಂದಳು.

ಕುರುಗೋಡಿನ ಬಂಡೆಗುಡ್ಡದ ಬುಡದ ಮನೆಯಲ್ಲಿ ಹೊನ್ನೂರಪ್ಪನೂ ಅವನ ಹೆಂಡತಿಯೂ ಹೊಲಕ್ಕೆ ಹೋಗಿದ್ದರು. ವೀರಭದ್ರಮ್ಮ ಕಟ್ಟೆಯ ಮೇಲೆ ಕೂತು ಹುಣಸೆ ಬೀಜ ಬಿಡಿಸುತ್ತಿದ್ದಳು. ಹೆಜ್ಜೆಯ ಸಪ್ಪಳದಿಂದಲೇ ಮಗಳೆಂದು ಗುರುತಿಸಿದಳು. ನಾಗಲಕ್ಷ್ಮಿ ಮಲಗಿದ್ದ ಕೂಸನ್ನು ಒಳಗೆ ಜೋಳಿಗೆಗೆ ಹಾಕಿ ಬಾಗಿಲಲ್ಲಿ ಕೂತಳು. ಜಂಬಮ್ಮ ನೀರನ್ನೂ ಕುಡಿಯದೆ ತಾಯಿಯ ಮುಂದೆ ಕುಕ್ಕರಿಸಿದಳು.

“ಅವ್ವಾ, ನನ್ನ ಎದಿ ಬರಿ ತಿಂದಿಲ್ಲಂತ. ಹುಟ್ಟಿದಾಗs ಅಲ್ಲಿ ಮಾಂಸ ಇರ್ಲಿಲ್ಲಂತ.”

ಮುದುಕಿಯ ಕೈ ನಿಲ್ಲಲಿಲ್ಲ. ಯಾರು ಹೇಳಿದರೆಂದು ಕೇಳಿದಳು. ಬಳ್ಳಾರಿಯ ಡಾಕ್ಟರು, ಒಳಗಿನ ಫೋಟೋ ತೆಗೆದು ನೋಡಿ ಹೇಳಿದ್ದಾರೆ ಎಂದಳು ಮಗಳು.

“ಅವರಿಗೇನು ಗೊತ್ತು? ಅವತ್ತು ಅವರಿದ್ದಿಲ್ಲ. ನಾನಿದ್ದೆ.”

ಜಂಬಮ್ಮ ತನ್ನ ಬಲಗೈಯನ್ನು ತಾಯಿಯ ಅಂಗೈಯೊಳಗೆ ಇಟ್ಟಳು. “ಈ ಬೆರಳು ಯಾರು ಸುಟ್ರಬೇ?”

ಮುದುಕಿ ಹುಣಸೆ ಅಂಟಿದ ಕೈಯಿಂದ ಆ ಗಿಡ್ಡ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು. ಯಾರೂ ಸುಟ್ಟಿಲ್ಲ, ಹುಟ್ಟಿದಾಗಲೇ ಹೀಗಿದ್ದವು ಎಂದಳು. ಬೆರಳಿನಂತೆಯೇ ಎದೆಯೂ, ಎರಡೂ ಒಟ್ಟಿಗೆ ಆದದ್ದು ಎಂದಳು ಮಗಳು. ಮುದುಕಿ ಆ ಕೈಯನ್ನು ಬಿಡಲಿಲ್ಲ. ನಾಗಲಕ್ಷ್ಮಿ ಕಾಯುತ್ತಿದ್ದ ಪ್ರಶ್ನೆ ಆಗ ಬಂತು.

“ಹಂಗಾದ್ರ ಪಕ್ಕಿ ಹಾರಿದ್ದು?”

“ಮಾಂಸ ಇಲ್ಲದ್ದಕ್ಕ. ಬರೇ ಚರ್ಮ ಇತ್ತಲ್ಲ, ಅದು ಹಾರ್ತಿತ್ತು.”

“ಬ್ಯಾನಿ ಇದ್ದಿಲ್ಲ?”

ಜಂಬಮ್ಮ ಸುಳ್ಳು ಹೇಳಬಹುದಿತ್ತು. ಜ್ವರವಿತ್ತು, ಕಫವಿತ್ತು ಎಂದರೆ ಯಾರೂ ಅಲ್ಲವೆನ್ನುವಂತಿರಲಿಲ್ಲ. ನಾಗಲಕ್ಷ್ಮಿಗೆ ಅತ್ತೆ ಹಾಗೆಯೇ ಹೇಳಲಿ ಎನ್ನಿಸಿತು.

“ಇದ್ದಿಲ್ಲಬೇ.”

“ಸುಮ್ನ ಸುಟ್ಟೆ,” ಎಂದಳು ಮುದುಕಿ. ಅದು ಪ್ರಶ್ನೆಯಾಗಿರಲಿಲ್ಲ.

“ಹೂಂ. ಸುಮ್ನ ಸುಟ್ಟಿ. ನನ್ನ ಕೂಸಿಗೆ ಹಂಗಾಗಿದ್ರ, ದವಾಖಾನಿ ಇಲ್ಲದ ಆ ಕಾಲದಾಗ ನಾನೂ ಬಳಿ ಒಡದು ಕೊಡ್ತಿದ್ದೆ.”

ಗುಡ್ಡದ ಕಡೆಯಿಂದ ಆಡುಗಳ ಗಂಟೆ ಕೇಳಿಸುತ್ತಿತ್ತು. ವೀರಭದ್ರಮ್ಮ ಹುಣಸೆಯ ಮೊರವನ್ನು ಪಕ್ಕಕ್ಕೆ ಸರಿಸಿ, ಸೆರಗಿನಿಂದ ಕೈ ಒರೆಸಿಕೊಂಡು, ಗೋಡೆ ಹಿಡಿದು ಎದ್ದಳು. ಒಳಗೆ ಬಾ ಎಂದಳು. ತೋರಿಸು ಎಂದಳು.

ಜಂಬಮ್ಮ ದೊಡ್ಡವಳಾದ ಮೇಲೆ ತಾಯಿ ಆ ಎದೆಯನ್ನು ಒಮ್ಮೆಯೂ ನೋಡಿರಲಿಲ್ಲ, ನೋಡಲು ಧೈರ್ಯವಾಗಿರಲಿಲ್ಲ. ಈಗ ನೋಡಬೇಕೆಂದರೆ ಕಣ್ಣಿಲ್ಲ. ಜಂಬಮ್ಮ ಬಾಗಿಲು ಮುಂದೆ ಮಾಡಿ, ಕುಪ್ಪಸ ಕಳಚಿ ಪಕ್ಕಕ್ಕಿಟ್ಟು, ತಾಯಿಯ ಬೆರಳನ್ನು ಹಿಡಿದು ತಗ್ಗಿನ ಮೇಲಿಟ್ಟಳು. ಮುದುಕಿಯ ಬೆರಳು ಪಕ್ಕೆಲುಬಿನಿಂದ ಪಕ್ಕೆಲುಬಿಗೆ ತಡವರಿಸುತ್ತ ಇಳಿಯಿತು. ಒಂದು ಬರೆ ಸಿಕ್ಕಿತು. ಅದರ ಬಾಗಿನ ಮೇಲೆ ಹೋಗಿ ಬಂದಳು. ಇನ್ನೊಂದು ಸಿಕ್ಕಿತು. ಆಮೇಲೂ ಬೆರಳು ಸುತ್ತೆಲ್ಲ ಹುಡುಕುತ್ತಲೇ ಇತ್ತು.

“ಇಷ್ಟs ಏನು?”

“ಇಷ್ಟs.”

“ನಾನು ಅಂಗೈ ಅಗಲ ಅನ್ಕೊಂಡಿದ್ದೆ ಜಂಬೀ. ಕಣ್ಮುಚ್ಚಿದ್ರ ಅಂಗೈ ಅಗಲ ಕಾಣ್ತಿತ್ತು.” ಅವಳ ಬೆರಳು ಮತ್ತೆ ಮೊದಲ ಬರೆಗೆ ಹೋಯಿತು. “ಹಸರು ಬಳಿ ಅದು. ಹೊಸಾವು ಇಡಿಸ್ಕೊಂಡಿದ್ದೆ, ನಿನ್ನ ತೊಟ್ಟಿಲಿಗೆ ಹಾಕೋ ಮುಂದ.”

ಇಬ್ಬರೂ ಅಳಲಿಲ್ಲ. ನಾಗಲಕ್ಷ್ಮಿ ಗೋಡೆಯ ಕಡೆ ತಿರುಗಿ ಕೂತಿದ್ದಳು. ಜೋಳಿಗೆಯಲ್ಲಿ ಕೂಸು ಎಚ್ಚರಗೊಂಡು ಕುಂಯ್‌ಗುಟ್ಟಿತು. ಅಭ್ಯಾಸದಂತೆ ಮುದುಕಿಯ ಕೈ ಹಗ್ಗಕ್ಕೆ ಹೋಯಿತು, ಒಮ್ಮೆ ಎಳೆಯಿತು. ಕೂಸು ಅಳು ತೆಗೆಯಿತು. ಹಗ್ಗ ಹಿಡಿದ ಕೈ ಸುಮ್ಮನೆ ನಿಂತಿತು, ಆಮೇಲೆ ಹಗ್ಗ ಬಿಟ್ಟಿತು.

“ಇತ್ತ ಕೊಡವ್ವಾ,” ಎಂದಳು ಮುದುಕಿ. ಗೋಡೆಗೆ ಒರಗಿ, ಎರಡೂ ಕಾಲು ಚಾಚಿ ಕೂತಳು.

ನಾಗಲಕ್ಷ್ಮಿ ಕೂಸನ್ನು ತಂದು ಆ ತೊಡೆಗಳ ಮೇಲೆ ಇಟ್ಟಳು. ಕೈ ಕೂಡಲೇ ಬಿಡಲಿಲ್ಲ. ಅಂಗಿ ಬಿಚ್ಚು ಎಂದಳು ಮುದುಕಿ. ಬಿಚ್ಚಿದ ಮೇಲೆ ಒಂದೊಂದು ಅಂಗೈಯನ್ನು ಎದೆಯ ಒಂದೊಂದು ಬದಿಗಿಟ್ಟು ಕೂತಳು. ಕೂಸು ಅಳು ನಿಲ್ಲಿಸಿ ಆ ಬಿಳಿಗಣ್ಣುಗಳನ್ನು ನೋಡತೊಡಗಿತು. ಉಸಿರಿಗೆ ಎರಡು ಕೈಗಳೂ ಒಂದೇ ಸಮ ಏಳುತ್ತಿದ್ದವು, ಒಂದೇ ಸಮ ಇಳಿಯುತ್ತಿದ್ದವು.

“ಎರಡೂ ಕಡಿ ಐತಿ,” ಎಂದಳು.

“ಒಂದs ಕಡಿ ಇದ್ರೂ ಬೆಳೀತಿತ್ತು ತಗಾ,” ಎಂದಳು ಜಂಬಮ್ಮ.

ಅಷ್ಟರಲ್ಲಿ ಕೂಸು ಮುತ್ತಜ್ಜಿಯ ತೊಡೆಯ ಮೇಲೆ ಉಚ್ಚೆ ಹೊಯ್ದಿತು. ನಾಗಲಕ್ಷ್ಮಿ ಗಾಬರಿಯಾಗಿ ಎತ್ತಿಕೊಳ್ಳಲು ಬಾಗಿದಳು. ಮುದುಕಿ ಕೊಡಲಿಲ್ಲ. ಸೀರೆ ಒಣಗುತ್ತದೆ ಬಿಡು, ಒಂದು ಒಣ ಅರಿವಿ ಕೊಡು ಸಾಕು ಎಂದಳು. ಬಟ್ಟೆಯ ಚೀಲ ಹೊರಗೆ ಕಟ್ಟೆಯ ಮೇಲೆ ಉಳಿದಿತ್ತು. ನಾಗಲಕ್ಷ್ಮಿ ಏಳುವ ಮೊದಲೇ ಜಂಬಮ್ಮ ಪಕ್ಕದಲ್ಲಿದ್ದ ತನ್ನ ಕುಪ್ಪಸವನ್ನು ಎಳೆದುಕೊಂಡು, ಬಲಗಡೆಯ ಚೀಲದೊಳಗೆ ಬೆರಳು ತೂರಿಸಿ, ಮಡಿಚಿ ತುಂಬಿದ ಹಳೆಯ ಸೀರೆಯ ತುಂಡನ್ನು ಹೊರಗೆಳೆದಳು. ಎಷ್ಟೋ ಒಗೆತ ಕಂಡು ಮೆತ್ತಗಾದ ಅರಿವೆ. ಒಮ್ಮೆ ಕೊಡವಿ ತಾಯಿಯ ಕೈಗೆ ಕೊಟ್ಟಳು.

ವೀರಭದ್ರಮ್ಮ ಅದರಿಂದ ಕೂಸಿನ ಕಾಲುಗಳನ್ನು ಒರೆಸಿದಳು.